ಸ್ಕ್ರಿಪ್ಟ್ ಎಲ್ಲಿ ಕೂರಬೇಕು: ಕುಂದಾಪ್ರ ಕನ್ನಡ ಪದಕೋಶದ ಪುಟ ರಿಪೇರಿ

ನಾವು ಗೆಳೆಯರು ಸೇರಿ ನಡೆಸುವ ಕುಂದಾಪ್ರ ಕನ್ನಡದ ಪದಕೋಶ ಒಂದೇ ಒಂದು ಉದ್ದನೆಯ ಪುಟ. ಅಕ್ಷರಕ್ರಮದಲ್ಲಿ ಪದ, ಅದರ ಅರ್ಥ, ಬಳಕೆಗೊಂದು ವಾಕ್ಯ. ಮೇಲೆ ಹುಡುಕುವ ಪೆಟ್ಟಿಗೆ, ಅದರೊಳಗೆ ಇಂಗ್ಲಿಷ್ ಕೀಲಿಗಳಿಂದ ಕನ್ನಡ ಮೂಡಿಸುವ ಟೈಪಿಂಗ್ ಸೌಲಭ್ಯ, ಪಕ್ಕದಲ್ಲಿ ಕಪ್ಪು ಹಿನ್ನೆಲೆಗೆ ಬದಲಿಸುವ ಗುಂಡಿ, ತೀರಾ ಕೆಳಗೆ ಬಂದವರನ್ನು ಎಣಿಸುವ ಕೌಂಟರ್. ಹಲವು ವರ್ಷ, ಹಲವರ ಕೈ ಸೇರಿ ಬೆಳೆದ ಪುಟ ಇದು.

ಬರುತ್ತಿದ್ದ ದೂರುಗಳು ಮೂರು ಬಗೆಯವು. ಪುಟ ತೆರೆದರೆ ಬಹಳ ಹೊತ್ತು ಬಿಳಿ ಪರದೆ. ಹುಡುಕುವ ಪೆಟ್ಟಿಗೆ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ. ಅಪರೂಪಕ್ಕೆ, ಕನ್ನಡದ ಬದಲು ಅರ್ಥವಿಲ್ಲದ ಗೀಚು ಅಕ್ಷರಗಳು. ಆಸಾಡಿ ಅಮಾವಾಸ್ಯೆಯ ಹೊತ್ತಿಗೆ, ಕುಂದಾಪ್ರ ಕನ್ನಡದ ದಿನ ಆಚರಿಸುವಾಗ, ಕೊಂಡಿ ಒಬ್ಬರಿಂದ ಒಬ್ಬರಿಗೆ ಹರಿದು ಹೊಸಬರು ಹೆಚ್ಚು ಬರುತ್ತಾರೆ. ಅದು ಸುರಿಮಳೆಯ ಕಾಲ, ಘಟ್ಟದ ಬುಡದ ಊರುಗಳಲ್ಲಿ ನೆಟ್‌ವರ್ಕ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಥವರ ಫೋನಿನಲ್ಲಿ ಮೊದಲು ಕಾಣಬೇಕಾದದ್ದು ಪದ ಮತ್ತು ಅದರ ಅರ್ಥ. ಉಳಿದದ್ದೆಲ್ಲ ಆಮೇಲೆ ಬಂದರೂ ನಡೆಯುತ್ತದೆ. ರಿಪೇರಿಗೆ ಕೈಹಾಕುವಾಗ ಇದೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡೆ.

ಹೆಡ್ ಬಿಚ್ಚಿ ನೋಡಿದಾಗ

ಪುಟದ ಮೂಲವನ್ನು ತೆರೆದರೆ ಹೆಡ್ ಭಾಗದ (ಪರದೆಯಲ್ಲಿ ಕಾಣದ, ಬ್ರೌಸರಿಗೆ ಸೂಚನೆ ಕೊಡುವ ಮೇಲಿನ ಭಾಗ) ಕ್ರಮ ಹೀಗಿತ್ತು: ಎಲ್ಲಕ್ಕಿಂತ ಮೇಲೆ ಉದ್ದನೆಯ ಇನ್‌ಲೈನ್ ಸ್ಕ್ರಿಪ್ಟ್ (ಬೇರೆ ಕಡತವಿಲ್ಲದೆ ಪುಟದೊಳಗೇ ಬರೆದ ಜಾವಾಸ್ಕ್ರಿಪ್ಟ್ ಕೋಡು), ಅದರಲ್ಲಿ ಈಗ ಯಾರೂ ಬಳಸದ ಸೆಟ್ಟಿಂಗುಗಳ ರಾಶಿ. ಆಮೇಲೆ ಪದಗಳನ್ನೆಲ್ಲ ಅರೇ ರೂಪದಲ್ಲಿ, ಅಂದರೆ ಪಟ್ಟಿಯಾಗಿ, ಹೊತ್ತ ದೊಡ್ಡ ಜಾವಾಸ್ಕ್ರಿಪ್ಟ್ ಕಡತ. ಅದರ ಕೆಳಗೆ ಜೆಕ್ವೆರಿ ಎಂಬ ಸಿದ್ಧ ಜಾವಾಸ್ಕ್ರಿಪ್ಟ್ ಲೈಬ್ರರಿ, ಟೈಪಿಂಗಿನ ಲೈಬ್ರರಿ, ನಮ್ಮ ಹುಡುಕಾಟದ ಸ್ಕ್ರಿಪ್ಟ್. ಈ ಮೂರಕ್ಕೂ ಅಸಿಂಕ್ ಎಂಬ ಗುಣ ಹಚ್ಚಲಾಗಿತ್ತು. ಆಮೇಲೆ ಮೆಟಾ ಚಾರ್‌ಸೆಟ್, ಬಣ್ಣ-ಅಳತೆ ಹೇಳುವ ಸ್ಟೈಲ್‌ಶೀಟ್. ಬಾಡಿಯ, ಅಂದರೆ ಪರದೆಯಲ್ಲಿ ಕಾಣುವ ಭಾಗದ, ಕೊನೆಯಲ್ಲಿ ಕಪ್ಪು ಹಿನ್ನೆಲೆಯ ಸ್ಕ್ರಿಪ್ಟ್ ಮತ್ತು ಹೊರಗಿನ ಸರ್ವರಿನಿಂದ ಬರುವ ಕೌಂಟರ್.

ಗೀಚು ಅಕ್ಷರದ ದೂರು ಈ ಕ್ರಮದಲ್ಲೇ ಅಡಗಿತ್ತು. ಪುಟ ಯಾವ ಎನ್‌ಕೋಡಿಂಗಿನಲ್ಲಿದೆ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಎಂದು ಹೇಳುವ ಮೆಟಾ ಚಾರ್‌ಸೆಟ್ ಟ್ಯಾಗು ಕಡತದ ಮೊದಲ 1024 ಬೈಟುಗಳ ಒಳಗೇ ಮುಗಿದಿರಬೇಕು ಎನ್ನುತ್ತದೆ ಎಚ್‌ಟಿಎಂಎಲ್ ನಿಯಮ. ಅದರ ತಲೆಯ ಮೇಲೆ ಉದ್ದನೆಯ ಇನ್‌ಲೈನ್ ಸ್ಕ್ರಿಪ್ಟ್ ಕೂತರೆ ಟ್ಯಾಗು ಆ ಗಡಿಯಾಚೆ ಜಾರುತ್ತದೆ. ಸರ್ವರ್ ಪುಟದ ಜೊತೆ ಕಳಿಸುವ ಹೆಡರಿನಲ್ಲಿ (ಪುಟದ ಬಗೆಗಿನ ಮಾಹಿತಿ) ಯುಟಿಎಫ್-8 ಎಂದು ಬರೆದಿದ್ದರೆ ತೊಂದರೆಯಿಲ್ಲ, ಅದರ ಮಾತೇ ನಡೆಯುತ್ತದೆ. ನಮ್ಮ ಸರ್ವರಿನ ಹೆಡರಿನಲ್ಲಿ ಆ ಮಾಹಿತಿಯೇ ಇರಲಿಲ್ಲ. ಕೆಲವು ಬ್ರೌಸರುಗಳು ಗಡಿ ದಾಟಿಯೂ ಹುಡುಕುತ್ತವೆ, ಆದ್ದರಿಂದಲೇ ಈ ದೂರು ಅಪರೂಪ. ಇಂಗ್ಲಿಷ್ ಪುಟದಲ್ಲಿ ಇಂಥ ದೋಷ ಇದ್ದರೂ ಹೆಚ್ಚಾಗಿ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದರ ಸಾಮಾನ್ಯ ಅಕ್ಷರಗಳು ಒಂದೊಂದೇ ಬೈಟು. ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೆ ಮೂರು ಬೈಟು ಬೇಕು. ಎನ್‌ಕೋಡಿಂಗ್ ತಪ್ಪಾಗಿ ಊಹೆಯಾದರೆ ಇಡೀ ಪುಟ ಹಾಳು. ಹಾಗಾಗಿ ಮೊದಲ ಕೆಲಸ ಇದೇ: ಹೆಡ್ ತೆರೆದ ಕೂಡಲೇ ಮೊದಲ ಸಾಲಾಗಿ ಚಾರ್‌ಸೆಟ್ ಇಟ್ಟೆ, ಸರ್ವರಿನ ಹೆಡರಿನಲ್ಲೂ ಯುಟಿಎಫ್-8 ಸೇರಿಸಿದೆ, ಹಳೆಯ ಸೆಟ್ಟಿಂಗುಗಳ ಸ್ಕ್ರಿಪ್ಟನ್ನು ಅಳಿಸಿದೆ. ಕನ್ನಡದಲ್ಲಿ ಪುಟ ಬರೆಯುವ ಯಾರೇ ಆಗಲಿ, ಚಾರ್‌ಸೆಟ್ಟಿನ ಮೇಲೆ ಯಾವ ಸ್ಕ್ರಿಪ್ಟನ್ನೂ ಕೂರಿಸಬಾರದು.

ಬೇಕೆಂದೇ ತಡಮಾಡುವ ಸರ್ವರ್

ಬಿಳಿ ಪರದೆಯ ಕಾರಣ ಊಹಿಸಬಹುದಿತ್ತು. ಆದರೆ ಊಹೆಯ ಮೇಲೆ ಟ್ಯಾಗುಗಳನ್ನು ಅತ್ತಿತ್ತ ಸರಿಸುತ್ತ ಹೋದರೆ ಯಾವುದು ಏಕೆ ಸರಿಹೋಯಿತು ಎಂಬುದೇ ತಿಳಿಯುವುದಿಲ್ಲ. ಅದಕ್ಕಾಗಿ ಪೈಥಾನಿನ ಜೊತೆಗೇ ಬರುವ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲ್ ಬಳಸಿ ನನ್ನ ಲ್ಯಾಪ್‌ಟಾಪಿನಲ್ಲೇ ಒಂದು ಚಿಕ್ಕ ಸರ್ವರ್ ಮಾಡಿಕೊಂಡೆ. ಕಡತದ ಹೆಸರಿನ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಸೆಕೆಂಡುಗಳ ಸಂಖ್ಯೆ ಬರೆದರೆ ಅಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಕಡತ ಕಳಿಸುತ್ತದೆ. ಇಲ್ಲೊಂದು ಎಚ್ಚರ: ಸಾಮಾನ್ಯ ಎಚ್‌ಟಿಟಿಪಿ ಸರ್ವರ್ ಕ್ಲಾಸು ಒಂದು ಸಲಕ್ಕೆ ಒಂದೇ ಕೋರಿಕೆ ನೋಡಿಕೊಳ್ಳುತ್ತದೆ. ಒಂದು ಕಡತವನ್ನು ತಡೆದರೆ ಉಳಿದವೂ ನಿಂತುಬಿಡುತ್ತವೆ, ಪರೀಕ್ಷೆಯೇ ಕೆಡುತ್ತದೆ. ಪೈಥಾನ್ 3.7ರಿಂದ ಇರುವ ಥ್ರೆಡಿಂಗ್ ಎಚ್‌ಟಿಟಿಪಿ ಸರ್ವರ್ ಬೇಕು.

ಪದಗಳ ಅರೇ ಕಡತಕ್ಕೆ ಐದು ಸೆಕೆಂಡ್ ತಡ ಕೊಟ್ಟು ಪುಟ ತೆರೆದೆ. ಐದು ಸೆಕೆಂಡು ಪರದೆ ಬಿಳಿ. ಬ್ರೌಸರಿನ ಪಾರ್ಸರ್ ಎಚ್‌ಟಿಎಂಎಲನ್ನು ಮೇಲಿನಿಂದ ಕೆಳಗೆ ಓದುತ್ತ ಬರುತ್ತದೆ. ಯಾವ ಗುಣವನ್ನೂ ಹಚ್ಚದ ಸಾದಾ ಸ್ಕ್ರಿಪ್ಟ್ ಟ್ಯಾಗು ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಕಡತ ಬರಬೇಕು, ಓಡಬೇಕು, ಆಮೇಲಷ್ಟೇ ಮುಂದಿನ ಸಾಲು. ಈ ಹಟಕ್ಕೆ ಕಾರಣವಿದೆ. ಡಾಕ್ಯುಮೆಂಟ್ ರೈಟ್ ಎಂಬ ಹಳೆಯ ಆಜ್ಞೆಯಿಂದ ಸ್ಕ್ರಿಪ್ಟು ತಾನಿರುವ ಜಾಗದಲ್ಲೇ ಹೊಸ ಎಚ್‌ಟಿಎಂಎಲ್ ಸುರಿಯಬಹುದು. ಹಾಗೆ ಸುರಿದದ್ದು ಮುಂದಿನ ಸಾಲಿನ ಅರ್ಥವನ್ನೇ ಬದಲಿಸಬಹುದು, ಹಾಗಾಗಿ ಕಾಯದೆ ಬೇರೆ ದಾರಿಯಿಲ್ಲ. ಬಾಡಿ ಟ್ಯಾಗೇ ಇನ್ನೂ ಬಂದಿಲ್ಲವೆಂದ ಮೇಲೆ ಪರದೆಗೆ ಬಿಡಿಸಲು ಏನಿದೆ?

ಇದೇ ಅರೇ ಟ್ಯಾಗನ್ನು ಬಾಡಿಯ ಕೊನೆಗೆ ಸರಿಸಿದೆ. ತಡ ಅಷ್ಟೇ ಇದ್ದರೂ ಪದಗಳು ತಕ್ಷಣ ಕಂಡವು, ಹುಡುಕುವ ಪೆಟ್ಟಿಗೆ ಮಾತ್ರ ಐದು ಸೆಕೆಂಡು ಜೀವವಿಲ್ಲದೆ ಇತ್ತು. ಮತ್ತೆ ಹೆಡ್ಡಿಗೇ ತಂದು, ಪುಟ ಓದಿ ಮುಗಿಯುವವರೆಗೆ ಸ್ಕ್ರಿಪ್ಟಿನ ಓಟವನ್ನು ಮುಂದೂಡುವ ಡಿಫರ್ ಎಂಬ ಗುಣ ಹಚ್ಚಿದೆ. ಕಣ್ಣಿಗೆ ಅದೇ ಫಲ. ಎರಡೂ ಒಂದೇ ಎಂದು ಇಲ್ಲಿಗೇ ಬಿಡುವವರು ಬಹಳ. ವ್ಯತ್ಯಾಸ ಕಾಣಬೇಕಾದರೆ ನೆಟ್‌ವರ್ಕ್ ನಿಧಾನವಿರಬೇಕು.

ಕ್ರೋಮಿನ ಡೆವಲಪರ್ ಟೂಲ್ಸಿನಲ್ಲಿ ನೆಟ್‌ವರ್ಕ್ ಪುಟಕ್ಕೆ ಹೋಗಿ ಕ್ಯಾಶ್ (ಬ್ರೌಸರ್ ಉಳಿಸಿಟ್ಟುಕೊಳ್ಳುವ ಕಡತಗಳ ಪ್ರತಿ) ಬಂದ್ ಮಾಡಿ 3ಜಿ ಆಯ್ದುಕೊಂಡೆ (ಹಿಂದೆ ಇದರ ಹೆಸರು ಸ್ಲೋ 3ಜಿ ಎಂದಿತ್ತು). ಆ ಆಯ್ಕೆಯಲ್ಲಿ ಪ್ರತಿ ಕೋರಿಕೆಗೆ 2 ಸೆಕೆಂಡು ಕಾಯುವಿಕೆ, ವೇಗ ಸೆಕೆಂಡಿಗೆ 400 ಕಿಲೋಬಿಟ್. ನಮ್ಮ ಎಚ್‌ಟಿಎಂಎಲ್ ಜಿಪ್ ಆಗಿ ಕುಗ್ಗಿದ ಮೇಲೂ 150 ಕೆಬಿ ಸುಮಾರಿಗಿದೆ. ಅಂದರೆ 1200 ಕಿಲೋಬಿಟ್, ಇಳಿಯಲು ಮೂರು ಸೆಕೆಂಡು. ಸ್ಕ್ರಿಪ್ಟ್ ಟ್ಯಾಗು ಬಾಡಿಯ ಕೊನೆಯಲ್ಲಿದ್ದರೆ ಆ ಮೂರು ಸೆಕೆಂಡು ಮುಗಿಯುವವರೆಗೆ ಅಂಥದೊಂದು ಕಡತ ಬೇಕು ಎಂಬುದೇ ಬ್ರೌಸರಿಗೆ ಗೊತ್ತಾಗುವುದಿಲ್ಲ. ಮುಂದಿನ ಸಾಲುಗಳನ್ನು ಮೊದಲೇ ಇಣುಕಿ ನೋಡುವ ಪ್ರಿಲೋಡ್ ಸ್ಕ್ಯಾನರ್ ಬ್ರೌಸರುಗಳಲ್ಲಿ 2008ರ ಸುಮಾರಿಗೇ ಬಂದಿದೆ. ಆದರೆ ಅದು ಬಂದಿಳಿದ ಬೈಟುಗಳನ್ನು ಮಾತ್ರ ನೋಡಬಲ್ಲದು. ಟ್ಯಾಗು ಹೆಡ್‌ನಲ್ಲಿ ಡಿಫರ್ ಜೊತೆಗಿದ್ದರೆ ಮೊದಲ ತುಣುಕಿನಲ್ಲೇ ಕಣ್ಣಿಗೆ ಬೀಳುತ್ತದೆ. ಎಚ್‌ಟಿಎಂಎಲ್ ಇಳಿಯುತ್ತಿರುವಾಗಲೇ ಸ್ಕ್ರಿಪ್ಟಿನ ಆ 2 ಸೆಕೆಂಡಿನ ಕಾಯುವಿಕೆಯೂ ಪಕ್ಕದಲ್ಲಿ ಕರಗಿಹೋಗುತ್ತದೆ. ಪುಟ ಉದ್ದವಾದಷ್ಟೂ ಈ ಲಾಭ ಹೆಚ್ಚು, ಪದಕೋಶಕ್ಕಂತೂ ಹೇಳಿ ಮಾಡಿಸಿದ್ದು.

ನಿಜವಾದ ಫೋನಿನಲ್ಲಿ ಸ್ಥಿತಿ ಇನ್ನೂ ಕಠಿಣ. ಟೂಲ್ಸಿನ ಈ ನಿಧಾನಗತಿ ಕೋರಿಕೆಯ ಮಟ್ಟದ್ದು. ಹೊಸ ಸರ್ವರಿಗೆ ಸಂಪರ್ಕ ಸಾಧಿಸುವಾಗಿನ ಡಿಎನ್‌ಎಸ್, ಟಿಸಿಪಿ, ಟಿಎಲ್‌ಎಸ್ ಸುತ್ತುಗಳನ್ನು (ವಿಳಾಸ ಹುಡುಕುವ, ಸಂಪರ್ಕ ಕಟ್ಟುವ, ಅದನ್ನು ಗುಪ್ತಗೊಳಿಸುವ ಹಂತಗಳು) ಅದು ಒಂದೊಂದಾಗಿ ನಿಧಾನಿಸುವುದಿಲ್ಲ.

ಒಮ್ಮೆ ಉಂಟು, ಒಮ್ಮೆ ಇಲ್ಲ

ಎರಡನೆಯ ದೂರನ್ನು ಕೈಗೆ ಸಿಕ್ಕಿಸಿಕೊಳ್ಳಲು ಅದೇ ಸರ್ವರ್ ನೆರವಾಯಿತು. ಜೆಕ್ವೆರಿಗೆ ಮಾತ್ರ ಐದು ಸೆಕೆಂಡು ತಡ ಕೊಟ್ಟೆ. ಬ್ರೌಸರಿನ ದೋಷ ತೋರಿಸುವ ಕನ್ಸೋಲಿನಲ್ಲಿ ಕೆಂಪು ಸಾಲು, ಜೆಕ್ವೆರಿ ಎಂಬುದೇ ಇಲ್ಲ ಎಂಬ ದೋಷ. ಹುಡುಕುವ ಪೆಟ್ಟಿಗೆ ಸತ್ತಿತು. ತಡ ತೆಗೆದೆ, ಎಲ್ಲ ಸರಿ.

ಕಾರಣ ಅಸಿಂಕ್. ಅದನ್ನು ಹಚ್ಚಿದ ಕಡತಗಳಲ್ಲಿ ಯಾವುದು ಮೊದಲು ಬಂದಿಳಿಯುತ್ತದೋ ಅದು ಮೊದಲು ಓಡುತ್ತದೆ, ಬರೆದ ಕ್ರಮಕ್ಕೆ ಬೆಲೆಯಿಲ್ಲ. ಜೆಕ್ವೆರಿ 3 ಜಿಪ್ ಆದ ಮೇಲೆ ಸುಮಾರು 30 ಕೆಬಿ, ನಮ್ಮ ಹುಡುಕಾಟದ ಸ್ಕ್ರಿಪ್ಟು ಅದರ ಒಂದು ಚೂರು. ನಿಧಾನ ನೆಟ್‌ವರ್ಕಿನಲ್ಲಿ ಚಿಕ್ಕದು ಮೊದಲು ಬಂದು, ಜೆಕ್ವೆರಿಯನ್ನು ಕರೆದು, ಸಿಗದೆ ಬೀಳುತ್ತದೆ. ಎರಡನೆಯ ಸಲ ಬಂದವರಿಗೆ ಕಡತಗಳು ಕ್ಯಾಶಿನಲ್ಲೇ ಇರುವುದರಿಂದ ಹೆಚ್ಚಾಗಿ ತೊಂದರೆಯಾಗುವುದಿಲ್ಲ. ಹಾಗಾಗಿ ದಿನವೂ ಪುಟ ನೋಡುವ ನಮಗೆ ಈ ದೋಷ ಕಾಣುವುದಿಲ್ಲ, ಹೊಸದಾಗಿ ಬಂದವರಿಗೆ ಕಾಣುತ್ತದೆ. ಇದಕ್ಕಿಂತ ಅನ್ಯಾಯದ ದೋಷ ಇನ್ನೊಂದಿಲ್ಲ.

ಡಿಫರ್ ಹಾಗಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೂತವರಿಗೆ ಕೂತ ಕ್ರಮದಲ್ಲೇ ಬಡಿಸುವ ಹಾಗೆ. ಕಡತಗಳು ಯಾವಾಗ ಬೇಕಾದರೂ ಇಳಿಯಲಿ, ಓಡುವುದು ಬರೆದ ಕ್ರಮದಲ್ಲಿ, ಎಚ್‌ಟಿಎಂಎಲ್ ಪೂರ್ತಿ ಓದಿಯಾದ ಮೇಲೆ, ಡಾಮ್ ಕಂಟೆಂಟ್ ಲೋಡೆಡ್ ಎಂಬ ಘಟನೆಗೆ ಮುಂಚೆ. ಒಂದರ ಮೇಲೊಂದು ಆತುಕೊಂಡ ಸ್ಕ್ರಿಪ್ಟುಗಳಿಗೆ ಇದೇ ಸರಿ. ಅಸಿಂಕ್ ಯಾರನ್ನೂ ನಂಬಿಕೊಳ್ಳದ, ಯಾರೂ ನಂಬಿಕೊಳ್ಳದ ಒಂಟಿ ಸ್ಕ್ರಿಪ್ಟಿಗೆ.

ಬಾಡಿಯ ಕೊನೆಗೆ ಇಡಿ ಎಂಬ ಸಲಹೆ ಇಂದಿಗೂ ಓಡಾಡುತ್ತಿರುವುದಕ್ಕೆ ಒಂದು ಇತಿಹಾಸವಿದೆ, ಅದನ್ನು ಹಗುರಾಗಿ ಕಾಣಬಾರದು. 2007ರಲ್ಲಿ ಯಾಹೂವಿನಲ್ಲಿದ್ದ ಸ್ಟೀವ್ ಸೌಡರ್ಸ್ ಪುಟಗಳ ವೇಗಕ್ಕೆ ಕೊಟ್ಟ ನಿಯಮಗಳಲ್ಲಿ ಅದೂ ಒಂದು: ಸ್ಟೈಲ್‌ಶೀಟ್ ಮೇಲೆ, ಸ್ಕ್ರಿಪ್ಟ್ ಕೆಳಗೆ. ಅಂದಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಮತ್ತು 7, ಸ್ಕ್ರಿಪ್ಟು ಇಳಿಯುತ್ತಿರುವಾಗ ಬೇರೆ ಯಾವ ಕಡತವನ್ನೂ ಇಳಿಸುತ್ತಿರಲಿಲ್ಲ, ಚಿತ್ರಗಳೂ ಕಾಯಬೇಕಿತ್ತು. ಡಿಫರ್ ಆಗಲೇ ಇತ್ತು, 1997ರ ಎಕ್ಸ್‌ಪ್ಲೋರರ್ 4ರಲ್ಲೇ, ಅದೇ ವರ್ಷದ ಎಚ್‌ಟಿಎಂಎಲ್ 4.0ರಲ್ಲೂ. ಆದರೆ ಫೈರ್‌ಫಾಕ್ಸಿಗೆ ಅದು ಬಂದದ್ದು 2009ರ 3.5ನೇ ಆವೃತ್ತಿಯಲ್ಲಿ. ಎಕ್ಸ್‌ಪ್ಲೋರರಿನಲ್ಲೋ, 9ನೇ ಆವೃತ್ತಿಯವರೆಗೂ ಡಿಫರ್ ಸ್ಕ್ರಿಪ್ಟುಗಳ ಕ್ರಮ ಕೆಲವೊಮ್ಮೆ ತಪ್ಪುತ್ತಿತ್ತು. ಅಂಥ ಕಾಲದಲ್ಲಿ ಬಾಡಿಯ ಕೊನೆಯೇ ನಂಬಬಹುದಾದ ಜಾಗ. ಆ ಬ್ರೌಸರುಗಳು ಹೋದವು, ಸಲಹೆ ಉಳಿಯಿತು. ಇವತ್ತು ಹೊಸ ಪುಟ ಬರೆಯುವವರಿಗೆ ನಾನು ಹೇಳುವುದು ಹೆಡ್ ಮತ್ತು ಡಿಫರ್.

ಕೌಂಟರಿನ ಕಥೆ

ಡಿಫರ್ ಹಾಕಿದ ಮೇಲೂ ಪೆಟ್ಟಿಗೆ ಕೆಲವೊಮ್ಮೆ ತಡವಾಗಿ ಎಚ್ಚರಗೊಳ್ಳುತ್ತಿತ್ತು. ಪುಟದ ಬುಡದ ಕೌಂಟರಿಗೆ ತಡ ಕೊಟ್ಟು ನೋಡಿದೆ, ಸಿಕ್ಕಿಬಿತ್ತು. ಅದು ಗುಣವಿಲ್ಲದ ಸಾದಾ ಸ್ಕ್ರಿಪ್ಟು. ಬಾಡಿಯ ಕೊನೆಯಲ್ಲಿದ್ದರೂ ಪಾರ್ಸರನ್ನು ನಿಲ್ಲಿಸುತ್ತದೆ. ಡಿಫರ್ ಸ್ಕ್ರಿಪ್ಟುಗಳು ಓಡುವುದು ಪಾರ್ಸರ್ ಮುಗಿದ ಮೇಲೆ. ಅಂದರೆ ಯಾವುದೋ ಊರಿನ ಎಣಿಕೆಯ ಸರ್ವರ್ ಮಲಗಿದ್ದರೆ ನಮ್ಮ ಹುಡುಕಾಟವೂ ಅದರ ಜೊತೆ ಮಲಗಬೇಕು. ಪದಗಳೆಲ್ಲ ಕಣ್ಣ ಮುಂದಿವೆ, ಕೊನೆಯ ಒಂದು ಟ್ಯಾಗು ಬಾಗಿಲು ಹಾಕಿಕೊಂಡಿದೆ.

ಅದಕ್ಕೆ ಅಸಿಂಕ್ ಹಚ್ಚಿದರೆ ತಡೆ ಹೋಯಿತು, ಕೌಂಟರೂ ಮಾಯವಾಯಿತು. ಅಂಕಿ ತೋರಿಸಲು ಅದು ಬಳಸುತ್ತಿದ್ದದ್ದು ಡಾಕ್ಯುಮೆಂಟ್ ರೈಟ್. ಅಸಿಂಕ್ ಅಥವಾ ಡಿಫರ್ ಆಗಿ ಬಂದ ಕಡತದ ಆ ಆಜ್ಞೆಯನ್ನು ಬ್ರೌಸರ್ ಕಡೆಗಣಿಸಿ ಕನ್ಸೋಲಿನಲ್ಲಿ ಎಚ್ಚರಿಕೆ ಬರೆಯುತ್ತದೆ, ಏಕೆಂದರೆ ಎಲ್ಲಿ ಸುರಿಯಬೇಕು ಎಂಬ ಜಾಗವೇ ಅಷ್ಟರಲ್ಲಿ ದಾಟಿಹೋಗಿರುತ್ತದೆ. ಗೆಳೆಯರ ಜೊತೆ ಮಾತಾಡಿ ಕೌಂಟರನ್ನೇ ತೆಗೆದೆವು. ಬಂದವರ ಲೆಕ್ಕ ಸರ್ವರಿನ ಲಾಗಿನಲ್ಲೇ ಇದೆ, ಓದುಗರನ್ನು ಕಾಯಿಸಿ ಎಣಿಸಬೇಕಾಗಿಲ್ಲ.

ಪದಗಳ ಅರೇ ಕಡತವನ್ನೂ ಹಾಗೆಯೇ ಕೈಬಿಟ್ಟೆ. ಪದ, ಅರ್ಥ ಎಲ್ಲ ಎಚ್‌ಟಿಎಂಎಲ್‌ನಲ್ಲೇ ಇರುವಾಗ ಅದನ್ನೇ ಇನ್ನೊಮ್ಮೆ ಜಾವಾಸ್ಕ್ರಿಪ್ಟಾಗಿ ಏಕೆ ಕಳಿಸಬೇಕು? ‘ಸ್ತ್ರೀ’ ಎಂಬ ಒಂದು ಅಕ್ಷರದಲ್ಲಿ ಆರು ಸಂಕೇತ, 18 ಬೈಟು. ಜಿಪ್ ಇದನ್ನು ಚೆನ್ನಾಗಿ ಕುಗ್ಗಿಸುತ್ತದೆ ನಿಜ, ಆದರೆ ಬಿಚ್ಚಿದ ಮೇಲೆ ಅಷ್ಟನ್ನೂ ಫೋನಿನ ಪ್ರೊಸೆಸರ್ ಓದಲೇಬೇಕು. ಈಗ ಹುಡುಕಾಟದ ಸ್ಕ್ರಿಪ್ಟು ಪುಟದಲ್ಲಿರುವ ಪದಗಳಿಂದಲೇ ತನ್ನ ಪಟ್ಟಿ ಮಾಡಿಕೊಳ್ಳುತ್ತದೆ. ಅದಕ್ಕೆ ಪುಟ ಪೂರ್ತಿ ಓದಿ ಮುಗಿದಿರಬೇಕು, ಡಿಫರ್ ಅದನ್ನು ಖಾತ್ರಿ ಮಾಡುತ್ತದೆ. ಪಟ್ಟಿ ಮಾಡುವಾಗ ಪದಗಳನ್ನೂ ಓದುಗರು ಬರೆದದ್ದನ್ನೂ ಎನ್‌ಎಫ್‌ಸಿ ಎಂಬ ಯುನಿಕೋಡಿನ ಒಂದೇ ಬಗೆಯ ರೂಪಕ್ಕೆ ನಾರ್ಮಲೈಸ್ ಮಾಡುತ್ತೇನೆ. ಒಕಾರದ ಗುಣಿತವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ನೋಡಲು ಒಂದೇ, ಹೋಲಿಸಿದರೆ ಬೇರೆ.

ಹೆಡ್‌ನಲ್ಲೇ ತಡೆದು ಓಡಬೇಕಾದ ಒಂದು

ಎಲ್ಲಕ್ಕೂ ಡಿಫರ್ ಹಾಕಿ ಕೈತೊಳೆದುಕೊಳ್ಳುವ ಹಾಗಿಲ್ಲ. ಕಪ್ಪು ಹಿನ್ನೆಲೆ ಆಯ್ದುಕೊಂಡ ಓದುಗರ ಇಷ್ಟ ಬ್ರೌಸರಿನೊಳಗಿನ ಸಂಗ್ರಹವಾದ ಲೋಕಲ್ ಸ್ಟೋರೇಜಿನಲ್ಲಿದೆ. ಅದನ್ನು ಓದುವ ಸ್ಕ್ರಿಪ್ಟು ಕೊನೆಯಲ್ಲಿ ಓಡಿದರೆ ಪುಟ ಮೊದಲು ಬೆಳ್ಳಗೆ ಬಂದು ಆಮೇಲೆ ಕಪ್ಪಾಗುತ್ತದೆ. ರಾತ್ರಿ ದೀಪ ಆರಿಸಿ ಓದುವವರ ಕಣ್ಣಿಗೆ ಅದು ಹೊಡೆತ. ಇದು ಮೊದಲ ಚಿತ್ರ ಮೂಡುವ ಮುಂಚೆಯೇ ಓಡಬೇಕಾದ ಕೆಲಸ. ಹಾಗಾಗಿ ಇದನ್ನು ಕೆಲವೇ ಸಾಲಿನ ಇನ್‌ಲೈನ್ ಸ್ಕ್ರಿಪ್ಟಾಗಿ ಹೆಡ್‌ನಲ್ಲೇ ಇಟ್ಟೆ. ಬೇರೆ ಕಡತ ತರಬೇಕಿಲ್ಲ, ಹಾಗಾಗಿ ನೆಟ್‌ವರ್ಕಿಗೆ ಕಾಯುವ ಪ್ರಶ್ನೆಯಿಲ್ಲ.

ಇಡುವ ಜಾಗ ಸ್ಟೈಲ್‌ಶೀಟಿನ ಮೇಲೆ, ಕೆಳಗಲ್ಲ. ಸ್ಟೈಲ್‌ಶೀಟ್ ಇನ್ನೂ ಇಳಿಯುತ್ತಿರುವಾಗ ಅದರ ಕೆಳಗೆ ಸ್ಕ್ರಿಪ್ಟು ಸಿಕ್ಕರೆ ಬ್ರೌಸರ್ ಸ್ಟೈಲ್ ಬರುವವರೆಗೆ ಅದನ್ನು ಓಡಿಸುವುದಿಲ್ಲ, ಪಾರ್ಸರೂ ಅಲ್ಲೇ ನಿಲ್ಲುತ್ತದೆ. ಆ ಸ್ಕ್ರಿಪ್ಟು ಬಣ್ಣ, ಅಳತೆ ಕೇಳಿಬಿಟ್ಟರೆ ಸರಿಯಾದ ಉತ್ತರ ಕೊಡಬೇಕಲ್ಲ ಎಂಬುದು ಅದರ ಲೆಕ್ಕ. ಇನ್ನೆರಡು ಸೂಕ್ಷ್ಮಗಳಿವೆ. ಆ ಹೊತ್ತಿಗೆ ಬಾಡಿ ಹುಟ್ಟಿಯೇ ಇರುವುದಿಲ್ಲ, ಆದ್ದರಿಂದ ಕಪ್ಪು ಹಿನ್ನೆಲೆಯ ಗುರುತನ್ನು ಎಚ್‌ಟಿಎಂಎಲ್ ಮೂಲ ಟ್ಯಾಗಿಗೇ ಹಚ್ಚಬೇಕು. ಮತ್ತೆ, ಕುಕೀಗಳನ್ನು ಪೂರ್ತಿ ತಡೆದ ಬ್ರೌಸರಿನಲ್ಲಿ ಲೋಕಲ್ ಸ್ಟೋರೇಜನ್ನು ಮುಟ್ಟಿದರೆ ದೋಷ ಎಸೆಯಬಹುದು, ಅದಕ್ಕೆ ದೋಷವನ್ನು ಹಿಡಿದುಕೊಳ್ಳುವ ಟ್ರೈ-ಕ್ಯಾಚ್ ಒಳಗೆ ಇಟ್ಟೆ.

ಇನ್‌ಲೈನ್ ಸ್ಕ್ರಿಪ್ಟಿಗೆ ಡಿಫರ್ ಹಚ್ಚಿದ್ದು ನಮ್ಮ ಪುಟದಲ್ಲಿ ಒಂದು ಕಡೆ ಸಿಕ್ಕಿತು. ಅದಕ್ಕೆ ಯಾವ ಫಲವೂ ಇಲ್ಲ. ಹೊರಗಿನ ಕಡತವನ್ನು ತೋರಿಸುವ ಸಾದಾ ಸ್ಕ್ರಿಪ್ಟಿಗೆ ಮಾತ್ರ ಡಿಫರ್ ಅನ್ವಯ. ಟೈಪ್ ಮಾಡ್ಯೂಲ್ ಎಂದು ಬರೆದರೆ ಇನ್‌ಲೈನ್ ಆದರೂ ತಾನಾಗಿಯೇ ಮುಂದೂಡುತ್ತದೆ. ಆದರೆ ಮಾಡ್ಯೂಲಿನೊಳಗಿನ ಫಂಕ್ಷನ್ನುಗಳು ಹೊರಗೆ ಕಾಣುವುದಿಲ್ಲ, ಗುಂಡಿಗಳ ಟ್ಯಾಗಿನಲ್ಲೇ ಆನ್‌ಕ್ಲಿಕ್ ಬರೆದಿದ್ದರೆ ಮುರಿಯುತ್ತದೆ. ನಮ್ಮಲ್ಲಿ ಅಂಥವು ಕೆಲವಿದ್ದವು, ಎಲ್ಲವನ್ನೂ ಹುಡುಕಾಟದ ಕಡತದೊಳಗಿನ ಈವೆಂಟ್ ಲಿಸನರುಗಳಾಗಿ ಬದಲಿಸಿದೆ. ಇರುವುದು ಒಂದೇ ಕಡತವಾದ್ದರಿಂದ ಮಾಡ್ಯೂಲಿನ ಗೋಜಿಗೆ ಹೋಗಲಿಲ್ಲ.

ಟೈಪಿಂಗ್ ಸೌಲಭ್ಯ, ಕೇಳಿದಾಗ ಮಾತ್ರ

ಕೊನೆಗೆ ಉಳಿದದ್ದು ಜೆಕ್ವೆರಿ ಮತ್ತು ವಿಕಿಮೀಡಿಯಾದವರ ಜೆಕ್ವೆರಿ ಐಎಂಇ, ಅದೇ ಟೈಪಿಂಗಿನ ಲೈಬ್ರರಿ. ಕನ್ನಡಕ್ಕೆ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ಕೆಜಿಪಿ ಅಂದರೆ ನುಡಿ ಅಥವಾ ಕೆ.ಪಿ. ರಾವ್ ವಿನ್ಯಾಸ, ಮೂರೂ ಅದರಲ್ಲಿವೆ. ಒಳ್ಳೆಯ ಕೆಲಸ, ಕೈಬಿಡುವ ಮನಸ್ಸಿಲ್ಲ. ಆದರೆ ಫೋನಿನಲ್ಲಿ ಬರುವವರ ಬಳಿ ಕನ್ನಡ ಕೀಲಿಮಣೆ ಆಗಲೇ ಇರುತ್ತದೆ, ಇದು ಬೇಕಾಗುವುದು ಕಂಪ್ಯೂಟರಿನಲ್ಲಿ ಕೂತವರಿಗೆ. ಲೈಬ್ರರಿಯೂ ಈ ವಿವೇಕವನ್ನೇ ತೋರಿಸುತ್ತದೆ: ಒಂದು ವಿನ್ಯಾಸ ಆಯ್ದಾಗಲಷ್ಟೇ ಅದರ ನಿಯಮಗಳ ಕಡತವನ್ನು ತರಿಸಿಕೊಳ್ಳುತ್ತದೆ. ಅದನ್ನೇ ಒಂದು ಹೆಜ್ಜೆ ಮುಂದಕ್ಕೆ ಒಯ್ದೆ. ಪೆಟ್ಟಿಗೆಯ ಪಕ್ಕ ಕೀಲಿಮಣೆಯ ಗುಂಡಿ ಇಟ್ಟು, ಅದನ್ನು ಒತ್ತಿದಾಗ ಮಾತ್ರ ಜೆಕ್ವೆರಿ, ಐಎಂಇ ಎರಡನ್ನೂ ಹೊಸ ಸ್ಕ್ರಿಪ್ಟ್ ಟ್ಯಾಗುಗಳಾಗಿ ಸೃಷ್ಟಿಸಿ ಹೆಡ್ಡಿಗೆ ಸೇರಿಸುವಂತೆ ಮಾಡಿದೆ. ಹೀಗೆ ಜಾವಾಸ್ಕ್ರಿಪ್ಟಿನಿಂದ ಸೇರಿಸಿದ ಟ್ಯಾಗುಗಳು ಹೇಳದಿದ್ದರೂ ಅಸಿಂಕ್ ಆಗಿಯೇ ನಡೆಯುತ್ತವೆ, ಹಳೆಯ ಕ್ರಮದ ತೊಂದರೆ ಮತ್ತೆ ಬರುತ್ತದೆ. ಸೇರಿಸುವ ಮುಂಚೆ ಎರಡಕ್ಕೂ ಅಸಿಂಕ್ ಫಾಲ್ಸ್ ಎಂದು ಹೇಳಿದರೆ ಸೇರಿಸಿದ ಕ್ರಮದಲ್ಲೇ ಓಡುತ್ತವೆ.

ಹುಡುಕಾಟವನ್ನು ಜೆಕ್ವೆರಿಯಿಲ್ಲದೆ ಸಾದಾ ಜಾವಾಸ್ಕ್ರಿಪ್ಟಿನಲ್ಲಿ ಮತ್ತೆ ಬರೆದೆ. ಅದರಲ್ಲಿ ಒಂದು ಸಾಲು ಮುಖ್ಯ. ಸ್ಕ್ರಿಪ್ಟು ಬರುವ ಮುಂಚೆಯೇ ಓದುಗರು ಪೆಟ್ಟಿಗೆಯಲ್ಲಿ ‘ಹ್ವಾಯ್’ ಎಂದು ಬರೆದುಬಿಟ್ಟಿರಬಹುದು. ಆಮೇಲೆ ಎದ್ದ ಸ್ಕ್ರಿಪ್ಟು ಮುಂದಿನ ಕೀಲಿ ಒತ್ತುವವರೆಗೆ ಸುಮ್ಮನಿದ್ದರೆ ಪೆಟ್ಟಿಗೆ ಕೆಟ್ಟಿದೆ ಅನ್ನಿಸುತ್ತದೆ. ಶುರುವಾದ ಕೂಡಲೇ ಪೆಟ್ಟಿಗೆಯಲ್ಲಿ ಏನಿದೆ ಎಂದು ನೋಡಿ ಹುಡುಕಿಬಿಡಬೇಕು.

ಈಗ ಹೆಡ್‌ನಲ್ಲಿರುವುದು ಚಾರ್‌ಸೆಟ್, ವ್ಯೂಪೋರ್ಟ್ (ಪರದೆಯ ಅಗಲಕ್ಕೆ ಪುಟವನ್ನು ಹೊಂದಿಸುವ ಟ್ಯಾಗು), ಶೀರ್ಷಿಕೆ, ಹಿನ್ನೆಲೆಯ ಚಿಕ್ಕ ಇನ್‌ಲೈನ್ ಸ್ಕ್ರಿಪ್ಟು, ಸ್ಟೈಲ್‌ಶೀಟ್, ಡಿಫರ್ ಜೊತೆಗೆ ಹುಡುಕಾಟದ ಕಡತ. ಬಾಡಿಯ ಕೊನೆಯಲ್ಲಿ ಏನೂ ಇಲ್ಲ. ಹುಡುಕಾಟದ ಕಡತಕ್ಕೆ ಐದು ಸೆಕೆಂಡಲ್ಲ, ಮೂವತ್ತು ಸೆಕೆಂಡು ತಡ ಕೊಟ್ಟರೂ ಪದಗಳು ಕಾಣುತ್ತವೆ, ಅಕ್ಷರಗಳ ಕೊಂಡಿ ಒತ್ತಿದರೆ ಆಯಾ ಅಕ್ಷರಕ್ಕೆ ಹೋಗುತ್ತದೆ, ಏಕೆಂದರೆ ಅವು ಸ್ಕ್ರಿಪ್ಟಿಲ್ಲದ ಸಾದಾ ಕೊಂಡಿಗಳು.

ಇದೇ ಕೆಲಸವನ್ನು ವರ್ಡ್‌ಪ್ರೆಸ್ ತಾಣದಲ್ಲಿ ಮಾಡಬೇಕೆನ್ನುವವರು ಥೀಮಿನ ಟ್ಯಾಗುಗಳನ್ನು ಕೈಯಾರೆ ತಿದ್ದಬೇಕಾಗಿಲ್ಲ. 2023ರ 6.3ನೇ ಆವೃತ್ತಿಯಿಂದ ಸ್ಕ್ರಿಪ್ಟನ್ನು ನೋಂದಾಯಿಸುವಾಗಲೇ ಸ್ಟ್ರಾಟೆಜಿ ಎಂಬಲ್ಲಿ ಡಿಫರ್ ಅಥವಾ ಅಸಿಂಕ್ ಎಂದು ಬರೆಯಬಹುದು. ಅದನ್ನು ಆತುಕೊಂಡ ಬೇರೆ ಸ್ಕ್ರಿಪ್ಟು ತಡೆದು ಓಡುವಂಥದ್ದಾಗಿದ್ದರೆ ವರ್ಡ್‌ಪ್ರೆಸ್ ತಾನೇ ಡಿಫರ್ ಬಿಟ್ಟು ಸಾದಾ ರೀತಿಯಲ್ಲಿ ಕಳಿಸುತ್ತದೆ. ಹಾಗಾಗಿ ಹಾಕಿದ ಮೇಲೆ ಪುಟದ ಮೂಲ ತೆರೆದು ಡಿಫರ್ ನಿಜವಾಗಿ ಬಂದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.